ರಬ್ಬರಿನ ಚಿತ್ರಕಲೆ

ಕಳೆದ ತಿಂಗಳು ಊರಿನ ಮಕ್ಕಳ ಚಿತ್ರಸ್ಪರ್ಧೆಯೊಂದಕ್ಕೆ ಮೂವರು ತೀರ್ಪುಗಾರರಲ್ಲಿ ನಾನೂ ಒಬ್ಬನಾಗಿದ್ದೆ. ಕನ್ನಡ ಮೇಷ್ಟರಿಗೂ ಚಿತ್ರಕ್ಕೂ ಏನು ನಂಟು ಎಂದು ಕೇಳಬೇಡಿ. ನಮ್ಮಲ್ಲಿ ನಾಲ್ಕು ಮಾತಾಡಬಲ್ಲವನು ಎಲ್ಲಕ್ಕೂ ತೀರ್ಪುಗಾರನೇ. ಮಕ್ಕಳು ಮನೆಯಲ್ಲಿ ಬರೆದು ಕಳುಹಿಸಬೇಕಾಗಿದ್ದ ವಿಷಯ ‘ದುಡಿಯುವ ಮನುಷ್ಯ’. ಬಂದವುಗಳಲ್ಲಿ ಬಹುಪಾಲು ಮೊಬೈಲಿನ ಚಿತ್ರದಿಂದ ಚೌಕ ಹಾಕಿ ಇಳಿಸಿದಂಥವು. ರೈತನ ಮೀಸೆ ಅಂದವಾಗಿತ್ತು, ಪಂಚೆಯ ಅಂಚು ತಪ್ಪಿರಲಿಲ್ಲ. ಆದರೆ ಅವನು ನೇಗಿಲನ್ನು ಒತ್ತುತ್ತಿರಲಿಲ್ಲ, ಫೋಟೋಕ್ಕೆ ನಿಂತಿದ್ದ. ಒಬ್ಬ ಹುಡುಗ ಮಾತ್ರ ಮೂಟೆ ಹೊತ್ತ ಹಮಾಲಿಯನ್ನು ಬರೆದಿದ್ದ. ಮುಖವಿಲ್ಲ, ಬೆರಳಿಲ್ಲ, ಗೆರೆಯ ಮೇಲೆ ಗೆರೆ. ಆದರೂ ಮೂಟೆಯ ಭಾರ ಬೆನ್ನಿನಿಂದ ಇಳಿದು ಬಲ ಮೊಳಕಾಲಿನಲ್ಲಿ ನಿಂತದ್ದು ಕಾಣುತ್ತಿತ್ತು. ‘ಬರಿಯ ಗೀಚು’ ಎಂದು ಉಳಿದಿಬ್ಬರು ಅದನ್ನು ಪಕ್ಕಕ್ಕೆ ಸರಿಸಿದರು. ನಾನು ವಾದಿಸಿ ಸೋತೆ. ಸೋತ ವಾದವನ್ನೇ ಓದುಗರ ಮುಂದೆ ಮತ್ತೆ ಹೂಡುತ್ತಿದ್ದೇನೆ.

ಆ ಗೀಚಿಗೂ ಒಂದು ಶಾಸ್ತ್ರವಿದೆ. ಜೆಸ್ಚರ್ ಡ್ರಾಯಿಂಗ್ ಎಂದು ಅದರ ಹೆಸರು. ನಾವು ಭಂಗಿರೇಖೆ ಎನ್ನೋಣ. ಅರ್ಧ ನಿಮಿಷದಿಂದ ಎರಡು ನಿಮಿಷದೊಳಗೆ, ಅಳಿಸದೆ, ತಲೆಯಿಂದ ಬೆನ್ನುಹುರಿಗುಂಟ ಭಾರ ಹೊತ್ತ ಪಾದದವರೆಗೆ ಗೆರೆಯನ್ನು ಹರಿಯಬಿಡಬೇಕು. ದೇಹ ಹೇಗೆ ಕಾಣುತ್ತದೆ ಎಂಬುದನ್ನಲ್ಲ, ಏನು ಮಾಡುತ್ತಿದೆ ಎಂಬುದನ್ನು ಹಿಡಿಯಬೇಕು. ನ್ಯೂಯಾರ್ಕಿನ ಆರ್ಟ್ ಸ್ಟೂಡೆಂಟ್ಸ್ ಲೀಗಿನಲ್ಲಿ ಕಿಮೊನ್ ನಿಕೊಲೈಡಿಸ್ ಕಲಿಸಿದ್ದು ಇದನ್ನೇ. ಅವನು ಸತ್ತ ಮೂರು ವರ್ಷಕ್ಕೆ, 1941ರಲ್ಲಿ, ಪ್ರಕಟವಾದ ಅವನ ಪುಸ್ತಕದಲ್ಲಿ ಭಂಗಿರೇಖೆ ಮೊದಲ ಪಾಠದಲ್ಲಿಯೇ ಬರುತ್ತದೆ, ಕೊನೆಯದರಲ್ಲಲ್ಲ. ಪರದೇಶದ ಮಾತೇಕೆ ಎನ್ನುವಿರೋ? ಉಡುಪಿಯ ಬಳಿ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ಲಯವನ್ನು ಅರಿಯಲೆಂದು ಕಥಕ್ ನೃತ್ಯವನ್ನೇ ಕಲಿತರು. ಅವರ ರೇಖೆ ಕುಣಿದದ್ದು ಸುಮ್ಮನೆ ಅಲ್ಲ.

‘ಮೊದಲು ಎಲುಬು, ಮಾಂಸ, ಪ್ರಮಾಣ ಕಲಿಯಲಿ; ಚಲನೆ ಆಮೇಲೆ’ ಎಂಬುದು ಎದುರು ವಾದ. ಪ್ರಮಾಣ ಬೇಡವೆಂದು ನಾನು ಹೇಳುತ್ತಿಲ್ಲ. ಅದಿಲ್ಲದೆ ಭಂಗಿರೇಖೆಯೂ ಬರಿಯ ಕೈಚಳಕವಾದೀತು. ನನ್ನ ತಕರಾರು ಕ್ರಮದ ಬಗ್ಗೆ. ಯಾವ ಮಗುವೂ ಕೇಶಿರಾಜನ ಸೂತ್ರಗಳನ್ನು ಓದಿಕೊಂಡು ‘ಅಮ್ಮಾ’ ಎನ್ನುವುದಿಲ್ಲ. ತೊದಲಿಗೆ ಅಂಕ ಕಳೆದಿದ್ದರೆ ನಾವೆಲ್ಲ ಮೂಕರಾಗಿಯೇ ಉಳಿಯುತ್ತಿದ್ದೆವು. ಗೈಡು ನೋಡಿ ಪ್ರಬಂಧ ಬರೆಯುವ ವಿದ್ಯಾರ್ಥಿಗಳನ್ನು ನಾನು ವರ್ಷವರ್ಷವೂ ಕಾಣುತ್ತೇನೆ. ತಪ್ಪಿಲ್ಲದ ವಾಕ್ಯ, ಹೇಳುವುದಕ್ಕೆ ಏನೂ ಇಲ್ಲ. ಚೌಕ ಹಾಕಿ ಇಳಿಸಿದ ರೈತ ಅವರ ಒಡಹುಟ್ಟಿದವನೇ.

ಇಲ್ಲಿ ಕೆಡುವುದು ಚಿತ್ರವೊಂದೇ ಅಲ್ಲ. ಹಮಾಲಿಯನ್ನು ಬರೆಯಬೇಕಾದ ಹುಡುಗ ಮಂಡಿಗೆ ಹೋಗಿ ಅವನನ್ನು ನೋಡಲೇಬೇಕು. ಚಿತ್ರ ನೋಡಿ ಚಿತ್ರ ಬರೆಯುವವನು ಯಾರನ್ನೂ ನೋಡಬೇಕಾಗಿಲ್ಲ. ಚಿತ್ರದ ಮೇಷ್ಟರುಗಳಲ್ಲಿ ನನ್ನ ಬಿನ್ನಹ ಇಷ್ಟೆ: ಪಾಠದ ಮೊದಲ ಹತ್ತು ನಿಮಿಷ ರಬ್ಬರು ಪೆಟ್ಟಿಗೆಯಲ್ಲಿರಲಿ, ಮಕ್ಕಳ ಕೈಗೆ ರದ್ದಿ ಕಾಗದ, ಇದ್ದಿಲಿನ ತುಂಡು ಕೊಟ್ಟು ಅಂಗಳ ಗುಡಿಸುವವಳನ್ನೋ ನೀರು ಸೇದುವವನನ್ನೋ ತೋರಿಸಿ.

ಬಹುಮಾನ ಹಂಚಿದ ದಿನ ಆ ಹುಡುಗ ನನ್ನ ಹತ್ತಿರ ಬಂದು, “ಸಾರ್, ನಂದು ಪೂರ್ತಿ ಆಗಿರಲಿಲ್ವಾ?” ಎಂದು ಕೇಳಿದ. ಜೊತೆಯವರ ದಾಕ್ಷಿಣ್ಯಕ್ಕೆ ಸಿಕ್ಕಿ ನಾನು ಸುಮ್ಮನಿದ್ದೆ. ಆಗಿತ್ತಪ್ಪಾ, ಪೂರ್ತಿ ಆಗಿತ್ತು.