ಡಾಂಬರಿಗೆ ಮೊದಲು ಚರಂಡಿ: ಸಕಲೇಶಪುರದ ಬೀದಿಗಳಿಗಾಗಿ ಮನವಿ

ಗೆ: ಮಾನ್ಯ ಅಧ್ಯಕ್ಷರು ಮತ್ತು ಮುಖ್ಯಾಧಿಕಾರಿಗಳು, ಪುರಸಭೆ, ಸಕಲೇಶಪುರ

ವಿಷಯ: ಪಟ್ಟಣದ ಬೀದಿ, ಓಣಿಗಳನ್ನು ಮಳೆಗಾಲಕ್ಕೆ ಮೊದಲೇ ದುರಸ್ತಿ ಮಾಡಿಸುವ ಬಗ್ಗೆ

ಮಾನ್ಯರೇ,

ಹೇಮಾವತಿಯ ದಡದಲ್ಲಿ, ಗುಡ್ಡದ ಇಳಿಜಾರಿನಲ್ಲಿ ಬೆಳೆದ ಊರು ಸಕಲೇಶಪುರ. ಇಲ್ಲಿನ ಬೀದಿಗಳು ಗಾಡಿಗಳಿಗಿಂತ ಹೆಚ್ಚಾಗಿ ನೀರಿನಿಂದ ಹಾಳಾಗುತ್ತವೆ. ಆರಿದ್ರಾ ಮಳೆ ಹಿಡಿಯಿತೆಂದರೆ ದಿನಗಟ್ಟಲೆ ಬಿಡುವುದಿಲ್ಲ. ಹೂಳು ತುಂಬಿದ ಚರಂಡಿ ಉಕ್ಕಿ ರಸ್ತೆಯೇ ಹಳ್ಳವಾಗುತ್ತದೆ.

ಗುಂಡಿ ಹುಟ್ಟುವ ಬಗೆಯನ್ನು ಓಣಿಗಳಲ್ಲಿ ಕಣ್ಣಾರೆ ನೋಡಬಹುದು. ನಲ್ಲಿ ಪೈಪಿಗೆಂದು ಕಾಂಕ್ರೀಟ್ ಕತ್ತರಿಸಿ, ಮೊಳದಗಲ ಅಗೆದು, ತೆಗೆದ ಮಣ್ಣನ್ನೇ ಸಡಿಲವಾಗಿ ತುಂಬಿ ಹೋಗಿರುತ್ತಾರೆ. ಮೊದಲ ಜೋರು ಮಳೆಗೆ ಆ ಮಣ್ಣು ಕುಸಿಯುತ್ತದೆ. ನೀರು ಕಾಂಕ್ರೀಟಿನ ಅಡಿಗೆ ನುಗ್ಗಿ ಮಣ್ಣು, ಜಲ್ಲಿಯನ್ನು ಕೊರೆದೊಯ್ಯುತ್ತದೆ. ಮೇಲೆ ಗಟ್ಟಿ, ಕೆಳಗೆ ಪೊಳ್ಳು. ಹಾಲಿನ ಕ್ಯಾನ್ ಕಟ್ಟಿದ ಬೈಕು ಅಲ್ಲಿ ಮುಗ್ಗರಿಸಿದ ಮೇಲೆ ಎರಡು ಬಾಂಡ್ಲಿ ಜಲ್ಲಿ ಸುರಿದು ತೇಪೆ ಹಾಕುತ್ತಾರೆ.

2019ರ ಆಗಸ್ಟ್‌ನಲ್ಲಿ ಆಜಾದ್ ರಸ್ತೆಗೆ ನುಗ್ಗಿದ್ದು ಹೊಳೆಯ ನೀರು. ಆ ಪ್ರವಾಹವನ್ನು ಚರಂಡಿ ಶುದ್ಧಿಯಿಂದ ತಡೆಯಲಾಗದೆಂದು ಮನವಿದಾರರೂ ಬಲ್ಲರು. ಅವರು ಕೇಳುತ್ತಿರುವುದು ಪ್ರತಿ ವರ್ಷದ ಮಾಮೂಲಿ ಮಳೆಗೆ ಬೇಕಾದ ಸಿದ್ಧತೆಯನ್ನು.

ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲೇ ಕಟ್ಟಿದವರಿಗೆ ಶೇ 5ರಷ್ಟು ರಿಯಾಯಿತಿ ಇರುವುದರಿಂದ ಆಗಲೇ ಪುರಸಭೆಗೆ ಹಣ ಬರುತ್ತದೆ. ಭರಣಿ ಮಳೆ ಬರುವುದೂ ಆ ತಿಂಗಳ ಕೊನೆಗೆ. ಅಷ್ಟರೊಳಗೆ ಎಲ್ಲ ಚರಂಡಿ, ಮೋರಿಗಳ ಹೂಳು ತೆಗೆಸಬೇಕು. ತೆಗೆದದ್ದನ್ನು ಅಂದೇ ಸಾಗಿಸಬೇಕು. ಅಂಚಿನಲ್ಲೇ ಗುಡ್ಡೆ ಹಾಕಿದರೆ ಮೊದಲ ಮಳೆಗೆ ಮತ್ತೆ ಚರಂಡಿ ಸೇರುತ್ತದೆ, ಕೂಲಿ ನೀರುಪಾಲಾಗುತ್ತದೆ. ರಸ್ತೆ ಅಗೆಯುವವರಿಂದ ಠೇವಣಿ ಪಡೆದು, ಪದರ ಪದರವಾಗಿ ಮಣ್ಣು ದಿಮ್ಮಿಸಿ ಮುಚ್ಚಿದ್ದನ್ನು ಎಂಜಿನಿಯರ್ ನೋಡಿದ ಮೇಲಷ್ಟೇ ಹಿಂದಿರುಗಿಸಬೇಕು.

ಓಣಿಗೆ ಹೊಸ ಕಾಂಕ್ರೀಟ್ ಹಾಕುವಾಗ ಹಳೆಯದನ್ನು ಕಿತ್ತೇ ಹಾಕಬೇಕೆಂಬುದು ಮನವಿದಾರರ ಬಹು ಮುಖ್ಯ ಬೇಡಿಕೆ. ಮೇಲೆ ಮೇಲೆ ಸುರಿದರೆ ಓಣಿ ಹೊಸ್ತಿಲಿಗಿಂತ ಎತ್ತರವಾಗುತ್ತದೆ. ಆಗ ಬೀದಿಯ ನೀರು ಅಡುಗೆಮನೆಗೆ ಬರುತ್ತದೆ. ಮುದುಕರು ಬಾಗಿಲಲ್ಲಿ ಮರಳಿನ ಚೀಲ ಇಟ್ಟುಕೊಂಡು ರಾತ್ರಿ ಕಾಯಬೇಕಾಗುತ್ತದೆ.

ಮಳೆಗಾಲದ ನಡುವೆ ಬೀಳುವ ಗುಂಡಿಗಳಿಗೆ ಬಿಸಿಲು ಬರಲೆಂದು ಕಾಯದೆ ಕೋಲ್ಡ್ ಮಿಕ್ಸ್ ಬಳಸಬೇಕು. ಪ್ರತಿ ಕಾಮಗಾರಿಯ ಮೊತ್ತ ಮತ್ತು ಗುತ್ತಿಗೆದಾರರ ನಿರ್ವಹಣಾ ಅವಧಿಯನ್ನು ಸ್ಥಳದಲ್ಲೇ ಫಲಕದಲ್ಲಿ ಬರೆಸಬೇಕು.

ಇದ್ಯಾವುದೂ ದಯೆಯ ಬೇಡಿಕೆಯಲ್ಲ. ಕರ್ನಾಟಕ ಪುರಸಭೆಗಳ ಅಧಿನಿಯಮ, 1964ರ 87ನೇ ಪ್ರಕರಣದಂತೆ ಬೀದಿ, ಚರಂಡಿಗಳ ನಿರ್ವಹಣೆ ಪುರಸಭೆಯ ಕಡ್ಡಾಯ ಕರ್ತವ್ಯ. ಸುಸ್ಥಿತಿಯ ರಸ್ತೆ ಸಂವಿಧಾನದ 21ನೇ ವಿಧಿಯಡಿಯ ಹಕ್ಕೆಂದು ಬೆಂಗಳೂರಿನ ಗುಂಡಿಗಳ ಪ್ರಕರಣದಲ್ಲಿ ಹೈಕೋರ್ಟ್ 2019ರಲ್ಲಿ ಹೇಳಿದೆ.

ವಾರ್ಡುವಾರು ಚರಂಡಿ ಶುದ್ಧಿಯ ದಿನಾಂಕಗಳನ್ನು ಮಾರ್ಚ್ ಮುಗಿಯುವುದರೊಳಗೆ ಸೂಚನಾ ಫಲಕದಲ್ಲಿ ಪ್ರಕಟಿಸಬೇಕೆಂದು ಮನವಿದಾರರು ಕೋರುತ್ತಾರೆ.

ಇಂತಿ,
ಪಟ್ಟಣದ ನಿವಾಸಿಗಳು ಮತ್ತು ವ್ಯಾಪಾರಿಗಳು

ಪ್ರತಿ: ಆಲೂರಿನ ಪಟ್ಟಣ ಪಂಚಾಯಿತಿಗೆ