ಚಾವಡಿಯೊಂದು, ಕೋಣೆಗಳು ಹಲವು

ಅಳದಂಗಡಿಯ ಆಸುಪಾಸಿನ ಹಳೆಯ ಗುತ್ತಿನ ಮನೆಗಳನ್ನು ಕಂಡವರಿಗೆ ಚಾವಡಿಯ ಪದ್ಧತಿ ತಿಳಿದೇ ಇರುತ್ತದೆ. ಹೊರಗಿನಿಂದ ಬಂದವನು ನೇರವಾಗಿ ಅಡುಗೆಮನೆಗಾಗಲಿ ಕಣಜಕ್ಕಾಗಲಿ ನುಗ್ಗುವುದಿಲ್ಲ. ಚಾವಡಿಯಲ್ಲಿ ಕುಳಿತು ಬಂದ ಕಾರ್ಯವನ್ನು ಅರುಹುತ್ತಾನೆ. ಬೇಕಾದುದು ಒಳಗಿನಿಂದ ಅಲ್ಲಿಗೇ ಬರುತ್ತದೆ. ಜಾಲತಾಣಗಳ ಲೋಕದಲ್ಲಿ ಈ ಚಾವಡಿಯ ಕೆಲಸ ಮಾಡುವ ತಂತ್ರಾಂಶಕ್ಕೆ ‘ರಿವರ್ಸ್ ಪ್ರಾಕ್ಸಿ’ ಎಂದು ಹೆಸರು. ಪ್ರಾಕ್ಸಿ ಎಂದರೆ ಇನ್ನೊಬ್ಬರ ಪರವಾಗಿ ನಿಲ್ಲುವುದು. ಹಾಜರಿಯ ಹೊತ್ತಿನಲ್ಲಿ ಗೆಳೆಯನ ಪರವಾಗಿ ದನಿಗೊಡುವ ವಿದ್ಯಾರ್ಥಿಮಿತ್ರರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಸಾಮಾನ್ಯ ಪ್ರಾಕ್ಸಿಯು ಒಳಗಿನವರ ಪರವಾಗಿ ಹೊರಗೆ ಹೋಗುತ್ತದೆ. ಇದು ಒಳಗಿರುವ ಸರ್ವರುಗಳ ಪರವಾಗಿ ಹೊರಗಿನವರನ್ನು ಎದುರುಗೊಳ್ಳುತ್ತದೆ.

ಇದನ್ನು ಪ್ರಸ್ತಾಪಿಸಲು ಕಾರಣವಿದೆ. ನಾನು ಬಲ್ಲ ಒಂದು ವಿದ್ಯಾಸಂಸ್ಥೆಯಲ್ಲಿ ಹಳೆಯ ವಾರ್ಷಿಕ ಸಂಚಿಕೆಗಳನ್ನೂ ಪ್ರಶ್ನೆಪತ್ರಿಕೆಗಳನ್ನೂ ಸ್ಕ್ಯಾನ್ ಮಾಡಿ, ಟಾಮ್‌ಕ್ಯಾಟ್ ಸರ್ವರಿನ ಮೇಲೆ ನಡೆಯುವ ಡಿಸ್ಪೇಸ್ ತಂತ್ರಾಂಶದಲ್ಲಿ ಇರಿಸಿದ್ದರು. ಗ್ರಂಥಾಲಯದ ಪುಸ್ತಕಸೂಚಿ ಅಪಾಚೆಯ ಮೇಲೆ ಇತ್ತು. ಜಾಲತಾಣದ ವಿಳಾಸದಲ್ಲಿ ಸಂಖ್ಯೆಯಿಲ್ಲದಿದ್ದರೆ ಬ್ರೌಸರು 80 ಅಥವಾ 443ನೆಯ ಪೋರ್ಟನ್ನೇ ತಟ್ಟುತ್ತದೆ. ಒಂದು ಐಪಿ ವಿಳಾಸದ ಒಂದು ಪೋರ್ಟಿನಲ್ಲಿ ಸಾಮಾನ್ಯವಾಗಿ ಒಂದೇ ಸರ್ವರು ಕಾದು ಕುಳಿತಿರಬಲ್ಲದು. ಆದುದರಿಂದ ಟಾಮ್‌ಕ್ಯಾಟ್ 8080ರಲ್ಲೇ ಉಳಿಯಿತು. ವಸತಿನಿಲಯದ ಜಾಲದಲ್ಲಿ ಆ ಪೋರ್ಟಿಗೆ ತಡೆಯಿತ್ತು. ಕೊನೆಗೆ ಬಂದ ತಜ್ಞರೊಬ್ಬರು ಎಲ್ಲವನ್ನೂ ಒಂದೇ ಬಗೆಯ ಸರ್ವರಿಗೆ ಸಾಗಿಸಬೇಕೆಂದರು. ಸಾಗಿಸಲು ಬಾರದ ಹಳೆಯ ಸಂಚಿಕೆಗಳು ಕಣ್ಮರೆಯಾದವು. ಹಲವರ ಹಲವು ವರ್ಷಗಳ ಶ್ರಮ ಅದು!

ಈ ಏಕರೂಪದ ಹಟ ಅನಗತ್ಯವೆಂಬುದೇ ನನ್ನ ಅಭಿಪ್ರಾಯ. ತನಗೆ ಬೇಕಾದ ತಾಣದ ಹೆಸರನ್ನು ಬ್ರೌಸರು ಕೋರಿಕೆಯೊಡನೆಯೇ ತಿಳಿಸಬೇಕೆಂಬ ನಿಯಮ 1997ರ ಎಚ್‌ಟಿಟಿಪಿ 1.1ರಲ್ಲಿಯೇ ಬಂದಿದೆ. ಆ ಹೆಸರನ್ನೋ ವಿಳಾಸದ ಮುಂದಿನ ಭಾಗವನ್ನೋ ನೋಡಿ ಒಂದನ್ನು ಟಾಮ್‌ಕ್ಯಾಟಿಗೆ, ಇನ್ನೊಂದನ್ನು ಅಪಾಚೆಗೆ ಒಪ್ಪಿಸಿದರಾಯಿತು. ಈ ಕೆಲಸಕ್ಕೆ 2004ರಲ್ಲಿ ಇಗೊರ್ ಸಿಸೊಯೆವ್ ಬಿಡುಗಡೆ ಮಾಡಿದ ಎಂಜಿನ್‌ಎಕ್ಸ್ ಇದೆ, ಅಪಾಚೆಯಲ್ಲಿಯೂ ಅನುಕೂಲವಿದೆ. ಎರಡಕ್ಕೂ ಹಣ ತೆರಬೇಕಾಗಿಲ್ಲ. ಭದ್ರತೆಯ ಪ್ರಮಾಣಪತ್ರವನ್ನೂ ಚಾವಡಿಯಲ್ಲಿ ಮಾತ್ರ ಇಟ್ಟರೆ ಸಾಕು.

ಇದು ನಮಗೆ ಅಪರಿಚಿತವೂ ಅಲ್ಲ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನೂ 2016ರಲ್ಲಿ ಬಂದ ತುಳು ವಿಕಿಪೀಡಿಯವನ್ನೂ ಅಳದಂಗಡಿಯಲ್ಲಿ ಕುಳಿತು ತೆರೆದವರು ಸಾಮಾನ್ಯವಾಗಿ ತಟ್ಟುವುದು ಸಿಂಗಾಪುರದಲ್ಲಿ 2018ರಿಂದ ಕೆಲಸ ಮಾಡುತ್ತಿರುವ ಒಂದೇ ಚಾವಡಿಯನ್ನು. ಮೂಲ ಸರ್ವರುಗಳಿರುವುದು ಅಮೆರಿಕದಲ್ಲಿ. ಲೇಖನ ಕೊಡುವ ಸರ್ವರು ಒಂದು ಬಗೆ, ಚಿತ್ರ ಕೊಡುವುದು ಇನ್ನೊಂದು ಬಗೆ. ಪ್ರತಿ ಸಿದ್ಧವಿದ್ದರೆ ಸಿಂಗಾಪುರದಿಂದಲೇ ದೊರೆಯುತ್ತದೆ, ಇಲ್ಲದಿದ್ದರೆ ಅಲ್ಲಿಂದ ತರಿಸಲ್ಪಡುತ್ತದೆ. ಓದುಗನಿಗೆ ಇದರ ಸುಳಿವೂ ಇಲ್ಲ.

ಆಕ್ಷೇಪಗಳಿಲ್ಲವೆಂದಲ್ಲ. ಚಾವಡಿಯ ಕದ ಕಚ್ಚಿಕೊಂಡರೆ ಇಡೀ ಮನೆಯೇ ಮುಚ್ಚಿದಂತೆ. ಇದನ್ನು ನಾನು ಒಪ್ಪುತ್ತೇನೆ. ಒಳಗಿನ ಸರ್ವರಿಗೆ ಬಂದವರೆಲ್ಲರೂ ಪ್ರಾಕ್ಸಿಯ ವಿಳಾಸದವರಾಗಿಯೇ ಕಾಣುತ್ತಾರೆ. ನಿಜವಾದ ವಿಳಾಸವನ್ನು ಪ್ರಾಕ್ಸಿಯು ಬರೆದು ಒಪ್ಪಿಸಬೇಕು. ಹೊರಗಿನವನು ತಾನೇ ಬರೆದು ತಂದ ಚೀಟಿಯನ್ನು ನಂಬಿದರೆ ಮೋಸ ಖಂಡಿತ. ಟಾಮ್‌ಕ್ಯಾಟಿನಂಥವು ಓದುಗನನ್ನು ಬೇರೊಂದು ಪುಟಕ್ಕೆ ಕಳುಹಿಸುವಾಗ ತಮ್ಮ ಒಳವಿಳಾಸವನ್ನೇ ಕೊಟ್ಟುಬಿಡುವುದೂ ಉಂಟು. ಅದನ್ನು ಬಾಗಿಲಲ್ಲಿಯೇ ತಿದ್ದಬೇಕು. ಅಪಾಚೆಯಲ್ಲಿ ಅದಕ್ಕೆ ಒಂದು ಸಾಲು ಸಾಕು. ಎಲ್ಲಕ್ಕಿಂತ ಮುಖ್ಯವಾಗಿ, 8080ನ್ನು ಹೊರಗಿನವರಿಗೆ ಮುಚ್ಚಬೇಕು. ಚಾವಡಿಯಲ್ಲಿ ಕಾವಲಿಟ್ಟು ಹಿತ್ತಿಲ ಬಾಗಿಲನ್ನು ತೆರೆದಿಟ್ಟ ಮನೆಗಳನ್ನು ನಾನು ಕಂಡಿದ್ದೇನೆ.

ಆ ಸಂಸ್ಥೆಯವರು ಹಳೆಯ ಯಂತ್ರವನ್ನು ಇನ್ನೂ ಗುಜರಿಗೆ ಹಾಕಿಲ್ಲವೆಂದು ಕೇಳಿದ್ದೇನೆ. ಬೇಸಗೆಯ ರಜೆಯಲ್ಲಿ ಅದನ್ನೊಮ್ಮೆ ಚಾಲೂ ಮಾಡಿ, ಹೊಸ ತಾಣದ ಹಿಂದೆ ನಿಲ್ಲಿಸಿ ನೋಡಲೆಂದು ಬರೆದಿದ್ದೇನೆ. ಉತ್ತರ ಬಂದಿಲ್ಲ.