ಮನೆ ಸಾಲದ ಕಂತಿಗೂ ಸರಿಯಾದ ಲೆಕ್ಕವಿರಲಿ

ಶಿಡ್ಲಘಟ್ಟದ ರೀಲರುಗಳು ಗೂಡಿನ ಖರೀದಿ, ನೂಲಿನ ಮಾರಾಟಗಳನ್ನು ದಿನದಿನವೂ ಬರೆದಿಡುತ್ತಾರೆ. ಚಿಂತಾಮಣಿಯ ಮಂಡಿ, ಗೌರಿಬಿದನೂರಿನ ಸಣ್ಣ ಕೈಗಾರಿಕೆ, ಚಿಕ್ಕಬಳ್ಳಾಪುರದ ಅಂಗಡಿಗಳಲ್ಲಿಯೂ ಟ್ಯಾಲಿ ತಂತ್ರಾಂಶ ಪರಿಚಿತವೇ. ಆದರೆ ನಮ್ಮಲ್ಲಿ ಅನೇಕರ ಅತಿ ದೊಡ್ಡ ವೈಯಕ್ತಿಕ ಸಾಲವಾದ ಮನೆ ಸಾಲಕ್ಕೆ ಮಾತ್ರ ಲೆಕ್ಕದಲ್ಲಿ ಯೋಗ್ಯ ಸ್ಥಾನ ದೊರೆತಿಲ್ಲ. ಅಂಗಡಿಯ ಚಾಲ್ತಿ ಖಾತೆಯಿಂದ ಕಂತು ಕಡಿತವಾದಾಗ ಅದನ್ನು ‘ಖರ್ಚು’ ಎಂದು ಒಂದೇ ಸಾಲಿನಲ್ಲಿ ನಮೂದಿಸುವ ರೂಢಿ ಬದಲಾಗಬೇಕಾಗಿದೆ.

ಕಂತೆಲ್ಲವೂ ಖರ್ಚಲ್ಲ. 20 ಲಕ್ಷ ರೂ. ಸಾಲ, ಶೇ. 9 ಬಡ್ಡಿ, 20 ವರ್ಷದ ಅವಧಿ ಎಂದಿಟ್ಟುಕೊಳ್ಳೋಣ. ತಿಂಗಳ ಕಂತು ಸುಮಾರು 17,995 ರೂ. ಮೊದಲ ಕಂತಿನಲ್ಲಿ 15,000 ರೂ. ಬಡ್ಡಿಗೆ, 2,995 ರೂ. ಮಾತ್ರ ಅಸಲಿಗೆ ಜಮೆಯಾಗುತ್ತದೆ. ವರ್ಷವಿಡೀ ಸುಮಾರು 2.16 ಲಕ್ಷ ರೂ. ಕಟ್ಟಿದರೂ ಅಸಲು ಇಳಿಯುವುದು ಸುಮಾರು 37,450 ರೂ. ಮಾತ್ರ. ಅಸಲಿಗೆ ಮತ್ತು ಬಡ್ಡಿಗೆ ಬೇರೆ ಬೇರೆ ಲೆಡ್ಜರ್ ತೆರೆಯದೆ ಈ ಸತ್ಯ ಕಣ್ಣಿಗೆ ಬೀಳದು.

2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕು ರೆಪೊ ದರವನ್ನು ಶೇ. 4ರಿಂದ 6.5ಕ್ಕೆ ಏರಿಸಿತು. ಎಷ್ಟೋ ಸಾಲಗಳಲ್ಲಿ ಕಂತು ಹಾಗೆಯೇ ಉಳಿದು ಅವಧಿ ಹಿಗ್ಗಿತು. ಕಂತಿನ ಮೊತ್ತವನ್ನಷ್ಟೇ ಬರೆದವರಿಗೆ ಇದು ತಿಳಿಯುವ ಬಗೆಯೇ ಇರಲಿಲ್ಲ. ವಸೂಲಾದ ಅಸಲು, ಬಡ್ಡಿ ಹಾಗೂ ಬಾಕಿ ಕಂತುಗಳ ವಿವರವನ್ನು ಮೂರು ತಿಂಗಳಿಗೊಮ್ಮೆ ಒದಗಿಸಬೇಕೆಂದು ರಿಸರ್ವ್ ಬ್ಯಾಂಕು 2023ರ ಆಗಸ್ಟ್‌ನಲ್ಲಿ ಬ್ಯಾಂಕುಗಳಿಗೆ ಆದೇಶಿಸಿದೆ. ಆ ವಿವರವನ್ನು ಲೆಡ್ಜರಿನೊಡನೆ ತಾಳೆ ನೋಡುವುದು ನಮ್ಮ ಹೊಣೆ.

ಅಮೆರಿಕದಲ್ಲಿ ಸಾಲ ನೀಡಿದ ಸಂಸ್ಥೆಯು ಸಾಮಾನ್ಯವಾಗಿ ಆಸ್ತಿ ತೆರಿಗೆ ಮತ್ತು ಮನೆಯ ವಿಮೆಯ ಮಾಸಿಕ ಪಾಲನ್ನೂ ಕಂತಿನೊಡನೆ ಪಡೆದು, ‘ಎಸ್ಕ್ರೋ’ ಎಂಬ ಪ್ರತ್ಯೇಕ ಖಾತೆಯಲ್ಲಿರಿಸಿ ಸಕಾಲಕ್ಕೆ ಪಾವತಿಸುತ್ತದೆ. ನಮ್ಮಲ್ಲಿ ಅಂಥ ಏರ್ಪಾಡು ವಾಡಿಕೆಯಲ್ಲಿಲ್ಲ. ನಗರಸಭೆಯ ತೆರಿಗೆಯನ್ನು ಮಾಲೀಕರೇ ನೆನಪಿಟ್ಟು ಕಟ್ಟಬೇಕು. ಇವೆರಡಕ್ಕೆ ವರ್ಷಕ್ಕೆ 12,000 ರೂ. ಬೇಕಾದಲ್ಲಿ ತಿಂಗಳಿಗೆ 1,000 ರೂ.ಗಳನ್ನು ಬೇರೊಂದು ಉಳಿತಾಯ ಖಾತೆಗೆ ವರ್ಗಾಯಿಸಿ, ಅದಕ್ಕೂ ಲೆಡ್ಜರ್ ತೆರೆಯುವುದು ಲೇಸು. ತೆರಿಗೆಯ ಗಡುವು ಬಂದಾಗ ಅಂಗಡಿಯ ಬಂಡವಾಳಕ್ಕೆ ಕೈ ಹಾಕುವ ಪ್ರಸಂಗ ತಪ್ಪುತ್ತದೆ.

ಟ್ಯಾಲಿಯಲ್ಲಿ ಮನೆವಾರ್ತೆಗೆಂದೇ ಪ್ರತ್ಯೇಕ ಕಂಪನಿ ಸೃಷ್ಟಿಸಿಕೊಳ್ಳಬಹುದು. ಆಗ ಅಂಗಡಿಯ ಪುಸ್ತಕದಲ್ಲಿ ಮನೆಯ ಕಂತು ಮಾಲೀಕರ ‘ಡ್ರಾಯಿಂಗ್ಸ್’ ಆಗಿ ಮಾತ್ರ ನಮೂದಾಗುತ್ತದೆ. ಮನೆಯನ್ನು ಅಡವಿಟ್ಟು ತಂದ ಹಣವನ್ನು ವ್ಯಾಪಾರಕ್ಕೇ ತೊಡಗಿಸಿದ್ದರೆ ಮಾತು ಬೇರೆ; ಅದರ ಬಡ್ಡಿ ವ್ಯಾಪಾರದ ವೆಚ್ಚವೇ ಆಗುತ್ತದೆ. ಎರಡನ್ನೂ ಬೆರೆಸಿದರೆ ವ್ಯಾಪಾರದ ನಿಜವಾದ ಲಾಭವೂ ತಿಳಿಯದು, ಆದಾಯ ತೆರಿಗೆಯ ವಿವರಣೆಯೂ ಕಷ್ಟವಾದೀತು.

ಇದು ಲೆಕ್ಕಪರಿಶೋಧಕರ ಕೆಲಸವೆಂದು ಕೆಲವರು ಹೇಳಬಹುದು. ಪರಿಶೋಧಕರು ಪುಸ್ತಕ ನೋಡುವುದು ವರ್ಷಾಂತ್ಯಕ್ಕೆ. ಬ್ಯಾಂಕು ಬಡ್ಡಿ ಕಡಿತ ಮಾಡುವುದು ಪ್ರತಿ ತಿಂಗಳು. ಆದುದರಿಂದ ವಾಣಿಜ್ಯ ಸಂಸ್ಥೆಗಳು ಈ ನಾಲ್ಕೂ ಪಟ್ಟಣಗಳಲ್ಲಿ ವರ್ತಕರಿಗೂ ಗುಮಾಸ್ತರಿಗೂ ಒಂದು ದಿನದ ತರಬೇತಿ ಏರ್ಪಡಿಸುವುದು ಸೂಕ್ತ. ವ್ಯಾಪಾರದ ಏರುಪೇರನ್ನು ತಾಳಿಕೊಳ್ಳಲು ನಮಗಿರುವ ಆಸರೆ ಮನೆಯೇ. ಅದರ ಮೇಲಿನ ಋಣವೆಷ್ಟೆಂಬುದು ಪ್ರತಿ ತಿಂಗಳೂ ನಮಗೆ ತಿಳಿದಿರಬೇಕು.